ಗಣಿಯೂರಿನ ಹಳೆಯ ಛಾಯಾಚಿತ್ರಗಳು ಮತ್ತು ವಂಶಚರಿತ್ರೆಯ ಹೊಣೆ

ನಮ್ಮಲ್ಲಿ ವಂಶಚರಿತ್ರೆ ಎಂದರೆ ಹೆಸರುಗಳ ಪಟ್ಟಿ ಎಂಬ ಭಾವನೆ ಬಲವಾಗಿದೆ. ಮೂಲಪುರುಷನಿಂದಲೋ ಮೂಲಸ್ತ್ರೀಯಿಂದಲೋ ತೊಡಗಿ ಇಂದಿನ ಮೊಮ್ಮಕ್ಕಳವರೆಗೆ ಗೆರೆ ಎಳೆದು, ನಡುನಡುವೆ ಸಿಕ್ಕಿದ ಹಳೆಯ ಫೋಟೋಗಳನ್ನು ಸೇರಿಸಿ, ಕುಟುಂಬದ ಸಮ್ಮಿಲನದ ದಿನ ಹಂಚುವ ಪುಸ್ತಿಕೆಗಳು ಕರಾವಳಿಯಲ್ಲಿ ಕಾಣಸಿಗುತ್ತವೆ. ಅವುಗಳ ಹಿಂದಿರುವ ಶ್ರಮ ಸಣ್ಣದಲ್ಲ. ಆದರೆ ಅಂತಹ ಪುಸ್ತಿಕೆಗಳಲ್ಲಿ ಛಾಯಾಚಿತ್ರಕ್ಕೆ ದೊರೆಯುವ ಸ್ಥಾನ ಅಲಂಕಾರದ್ದು. ಬರೆಹ ಹೇಳಿದ್ದನ್ನು ಚಿತ್ರ ಅನುಮೋದಿಸುತ್ತದೆ. ಬರೆಹ ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳಬಹುದೆಂಬ ಎಣಿಕೆ ಅಲ್ಲಿಲ್ಲ. ಹಳೆಯ ಛಾಯಾಚಿತ್ರವನ್ನು ಶಾಸನದಂತೆ, ಓಲೆಗರಿಯಂತೆ ಒಂದು ಆಕರವಾಗಿ ಓದಬೇಕು. ಆ ಓದು ಅತ್ಯಂತ ತುರ್ತಾಗಿ ನಡೆಯಬೇಕಾಗಿರುವುದು ಮುಚ್ಚಿಹೋದ ಗಣಿಯೂರುಗಳ ಚಿತ್ರಗಳ ವಿಷಯದಲ್ಲಿ ಎಂಬುದು ಈ ಬರೆಹದ ವಾದ.

ಗಣಿಯೂರನ್ನು ಪ್ರತ್ಯೇಕಿಸಿ ಹೇಳುವುದಕ್ಕೆ ಕಾರಣವಿದೆ. ಬಸರೂರು, ಬಾರಕೂರುಗಳಂತಹ ಊರುಗಳ ಹುಟ್ಟು ಇತಿಹಾಸದ ಮಬ್ಬಿನಲ್ಲಿದೆ; ಅಲ್ಲಿನ ಕುಟುಂಬಗಳ ನೆನಪು ದೇವಸ್ಥಾನ, ಬಸದಿ, ಗದ್ದೆ, ಬಾಕಿಮಾರುಗಳಿಗೆ ಕಟ್ಟುಬಿದ್ದಿರುತ್ತದೆ. ಮನೆಯವರು ಮರೆತರೂ ನೆಲ ನೆನಪಿಸುತ್ತದೆ. ಗಣಿಯೂರು ಹಾಗಲ್ಲ. ಅದು ಒಂದು ಆಜ್ಞೆಯಿಂದ ಹುಟ್ಟಿ ಇನ್ನೊಂದು ಆಜ್ಞೆಯಿಂದ ಮುಗಿಯುತ್ತದೆ. ಮನೆ ಕಂಪನಿಯದು, ರಸ್ತೆ ಕಂಪನಿಯದು, ಶಾಲೆ, ಆಸ್ಪತ್ರೆ, ಆಟದ ಬಯಲು ಎಲ್ಲವೂ ಕಂಪನಿಯವು. ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸಿ ಹೊರಟವರಿಗೆ ಆ ಊರಿನಲ್ಲಿ ತಮ್ಮದೆನ್ನುವ ಒಂದು ಕಲ್ಲೂ ಉಳಿಯುವುದಿಲ್ಲ. ಅವರು ಹೊತ್ತು ತಂದದ್ದು ಪಾತ್ರೆಪಗಡಿ, ಮಕ್ಕಳ ಶಾಲಾ ಪ್ರಮಾಣಪತ್ರ ಮತ್ತು ಒಂದೆರಡು ಆಲ್ಬಂ. ಆದ್ದರಿಂದ ಅಂತಹ ಊರಿನ ಪಾಲಿಗೆ ಆಲ್ಬಮ್ಮೇ ಬಹುಮಟ್ಟಿಗೆ ಊರು.

ಕಡಲಿಂದ ಕಂಡ ಬೆಟ್ಟ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಿಂದ ಹೊರಗೆ ದುಡಿಯಹೋದವರೆಂದರೆ ಮೊದಲು ನೆನಪಾಗುವುದು ಮುಂಬಯಿ ಮತ್ತು ಬೆಂಗಳೂರಿನ ಹೋಟೆಲುಗಳು. ಕಡಿಮೆ ಮಾತನಾಡಲ್ಪಟ್ಟ ಇನ್ನೊಂದು ದಾರಿ ಘಟ್ಟದ್ದು. ಕಾರ್ಕಳ, ಬಜಗೋಳಿ, ಮಾಳದ ಮೂಲಕ ಘಟ್ಟ ಏರಿದರೆ ಕುದುರೆಮುಖ. ಸಮುದ್ರಮಟ್ಟದಿಂದ 1,890 ಮೀಟರಿಗೂ ಮಿಕ್ಕಿ ಎತ್ತರದ ಆ ಶಿಖರ ಪಡುವಣ ದಿಕ್ಕಿನಿಂದ ನೋಡಿದಾಗ ಕುದುರೆಯ ಮುಖದಂತೆ ಕಾಣುವುದರಿಂದ ಆ ಹೆಸರು. ಕಡಲಲ್ಲಿ ಸಾಗುವವರಿಗೆ ಅದೊಂದು ಗುರುತಾಗಿತ್ತು. ಬೆಟ್ಟದ ಹೆಸರೇ ಕೆಳಗಿನವರ ಕಣ್ಣಿನದು ಎಂಬುದು ಗಮನಿಸತಕ್ಕ ಸಂಗತಿ. ಘಟ್ಟದ ಮೇಲು ಕೆಳಗುಗಳ ಈ ನಂಟು ಹೊಸದೂ ಅಲ್ಲ. 1432ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯನ ವಂಶವನ್ನು ನಾವು ಕಳಸ-ಕಾರ್ಕಳದ ಅರಸರೆಂದೇ ಕರೆಯುತ್ತೇವೆ. ಒಂದು ಕಾಲು ಮಲೆನಾಡಿನಲ್ಲಿ, ಒಂದು ಕಾಲು ಕರಾವಳಿಯಲ್ಲಿ ಊರಿ ಆಳಿದವರು ಅವರು.

ಈ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ಇದೆಯೆಂಬುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ 1913ರಲ್ಲಿಯೇ ಗುರುತಿಸಿದ್ದರು. ಗಣಿ ಬಂದದ್ದು ಆರು ದಶಕಗಳ ಬಳಿಕ. 1975ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಗೊಂಡಿತು. ಭದ್ರಾ ನದಿಯ ದಂಡೆಯ ಮಲ್ಲೇಶ್ವರದಲ್ಲಿ ಕಾರ್ಮಿಕರ ಊರು ಎದ್ದಿತು. ಲಖ್ಯಾ ಹಳ್ಳಕ್ಕೆ ಅಡ್ಡಲಾಗಿ ಗಣಿಯ ಕೆಸರನ್ನು ತಡೆಯುವ ಅಣೆಕಟ್ಟು ಬಂತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಮಂಗಳೂರಿನ ಪಣಂಬೂರಿಗೆ ಹರಿಸಲು 67 ಕಿಲೋಮೀಟರ್ ಕೊಳವೆಮಾರ್ಗ ಸಿದ್ಧವಾಯಿತು. ಎಲ್ಲವೂ ಮುಗಿಯುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಅದಿರು ಕೊಳ್ಳಬೇಕಾಗಿದ್ದ ಆಳ್ವಿಕೆಯೇ ಉರುಳಿತು. ಆದರೂ 1980ರಲ್ಲಿ ಕಾರ್ಖಾನೆ ಕೆಲಸ ಆರಂಭಿಸಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಊರು ಬಹುಪಾಲು ಬರಿದಾಯಿತು.

ಅಂದರೆ ಈ ಊರಿನ ಪೂರ್ಣಾಯುಷ್ಯ ಮೂವತ್ತು ವರ್ಷ. ಒಬ್ಬ ವ್ಯಕ್ತಿ ಇಪ್ಪತ್ತೆಂಟರ ಹರೆಯದಲ್ಲಿ ಕೆಲಸಕ್ಕೆ ಸೇರಿ ಐವತ್ತೆಂಟರಲ್ಲಿ ನಿವೃತ್ತನಾಗುವಷ್ಟು ಕಾಲ. ಮಕ್ಕಳು ಅಲ್ಲಿ ಹುಟ್ಟಿ ಬೆಳೆದರು, ಆದರೆ ಅಲ್ಲಿ ಮುಪ್ಪಾದವರು ಕಡಿಮೆ. ಇಂತಹ ಊರಿಗೆ ಐತಿಹ್ಯ ಬೆಳೆಯುವುದಕ್ಕೆ ಬೇಕಾದ ಮೂರು ತಲೆಮಾರು ಒದಗಲೇ ಇಲ್ಲ. ಅದಕ್ಕಿರುವುದು ಕಂಪನಿಯ ಕಡತ, ನ್ಯಾಯಾಲಯದ ತೀರ್ಪು ಮತ್ತು ಮನೆಮನೆಯ ಛಾಯಾಚಿತ್ರ. ಮೊದಲೆರಡನ್ನು ಕಾಯುವವರಿದ್ದಾರೆ. ಮೂರನೆಯದಕ್ಕೆ ಯಾರೂ ಇಲ್ಲ.

ಚಿತ್ರದ ಬೆನ್ನು

ಓಲೆಗರಿಯ ಪ್ರತಿಯೊಂದನ್ನು ಕೈಗೆತ್ತಿಕೊಂಡ ಸಂಶೋಧಕ ಕಾವ್ಯದ ಮೊದಲ ಪದ್ಯಕ್ಕಿಂತ ಮುಂಚೆ ಕೊನೆಯ ಗರಿಯನ್ನು ನೋಡುವುದುಂಟು. ಲಿಪಿಕಾರನ ಹೆಸರು, ಬರೆದು ಮುಗಿಸಿದ ಸಂವತ್ಸರ ತಿಥಿಗಳು, ಬರೆಯಿಸಿದವರ ವಿವರ ಇದ್ದರೆ ಅಲ್ಲಿಯೇ. ಛಾಯಾಚಿತ್ರದಲ್ಲಿ ಆ ಸ್ಥಾನ ಅದರ ಬೆನ್ನಿಗೆ. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಗೀಚಿದ ಸಂಖ್ಯೆ, ಊರಿಗೆ ಕಳುಹಿಸುವಾಗ ಬರೆದ ಎರಡು ಸಾಲು, ಹಳೆಯ ಆಲ್ಬಮ್ಮಿನಿಂದ ಕಿತ್ತಾಗ ಅಂಟಿಕೊಂಡು ಬಂದ ಕಪ್ಪು ಕಾಗದದ ತುಣುಕು, ಇವೆಲ್ಲ ಆಧಾರಗಳು. ಆದರೆ ಮನೆಗಳಲ್ಲಿ ಚಿತ್ರಗಳನ್ನು ಮೊಬೈಲಿನಲ್ಲಿ ಪ್ರತಿಮಾಡುವಾಗ ಬೆನ್ನನ್ನು ತಿರುಗಿಸಿ ನೋಡುವವರೇ ವಿರಳ.

ಕಾಲನಿರ್ಣಯದ ಕೆಲವು ಸೂತ್ರಗಳನ್ನು ಇಲ್ಲಿ ಹೇಳಬಹುದು. ಸ್ಟುಡಿಯೋ ಮೊಹರಿನ ವಿಳಾಸದಲ್ಲಿ ಆರು ಅಂಕೆಯ ಪಿನ್ ಕೋಡ್ ಇದ್ದರೆ ಆ ಮೊಹರು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲಾರದು. ಆ ಪದ್ಧತಿ ಆರಂಭವಾದದ್ದೇ ಅಂದು. ವಿಳಾಸದಲ್ಲಿ ‘ಕುಂದಾಪುರ, ದ.ಕ.’ ಎಂದಿದ್ದರೆ ಅದು ಉಡುಪಿ ಜಿಲ್ಲೆ ರಚನೆಯಾದ 1997ಕ್ಕಿಂತ ಹಿಂದೆ ಮಾಡಿಸಿದ ಮೊಹರೆಂದು ಊಹಿಸಲು ಅಡ್ಡಿಯಿಲ್ಲ; ಹಳೆಯ ಮೊಹರು ಕೆಲವು ಕಾಲ ಬಳಕೆಯಲ್ಲಿ ಮುಂದುವರಿದಿರಬಹುದೆಂಬ ಎಚ್ಚರ ಮಾತ್ರ ಇರಬೇಕು. ಹಿನ್ನೆಲೆಯಲ್ಲಿ ನಿಂತ ಸ್ಕೂಟರಿನ ಫಲಕದಲ್ಲಿ ‘ಕೆಎ 18’ ಎಂದಿದ್ದರೆ ಅದು ಚಿಕ್ಕಮಗಳೂರಿನ ನೋಂದಣಿ, ‘ಕೆಎ 20’ ಎಂದಿದ್ದರೆ ಉಡುಪಿಯದು. ‘ಕೆಎ’ ಶ್ರೇಣಿ ಬಂದದ್ದು 1980ರ ದಶಕದ ಕೊನೆಗೆ. ಚೌಕಾಕಾರದ ಕಪ್ಪುಬಿಳುಪು ಚಿತ್ರವಾದರೆ ಅದು ಆಗ ಮನೆಮಾತಾಗಿದ್ದ ಅಗ್ಫಾ ಕ್ಲಿಕ್ ತರಹದ ಪೆಟ್ಟಿಗೆ ಕ್ಯಾಮೆರಾದಲ್ಲಿ ತೆಗೆದದ್ದಿರಬಹುದು. ಅದರಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡೇ ಎಂಬುದು ಮುಖ್ಯ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಒಂದು ಸಂಸಾರ ಲೆಕ್ಕ ಹಾಕಿ ತೀರ್ಮಾನಿಸಿದ ಫಲವನ್ನು ನಾವು ನೋಡುತ್ತಿದ್ದೇವೆ.

ಕುದುರೆಮುಖದ ಚಿತ್ರಗಳಲ್ಲಿ ಇನ್ನೊಂದು ಸಾಧನವೂ ಇದೆ. ಜನರ ಬೆನ್ನ ಹಿಂದಿನ ಬೆಟ್ಟವೇ ಒಂದು ಪಂಚಾಂಗ. ಗಣಿಯಾದ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ತಗ್ಗುತ್ತ ಹೋಯಿತು. ಕ್ವಾರ್ಟರ್ಸಿನ ಅಂಗಳದಲ್ಲಿ ನೆಟ್ಟ ಸಸಿ ಮರವಾಗುತ್ತ ಹೋಯಿತು. ಒಂದೇ ಜಾಗದಲ್ಲಿ ಬೇರೆ ಬೇರೆ ಸಂಸಾರಗಳು ತೆಗೆಸಿಕೊಂಡ ಚಿತ್ರಗಳನ್ನು ಸಾಲಾಗಿ ಇಟ್ಟರೆ, ತಾರೀಕಿಲ್ಲದ ಚಿತ್ರವೊಂದು ತಾರೀಕಿರುವ ಎರಡು ಚಿತ್ರಗಳ ನಡುವೆ ತಾನಾಗಿ ಕುಳಿತುಕೊಳ್ಳುತ್ತದೆ. ಶಾಸನತಜ್ಞರು ಲಿಪಿಯ ಬೆಳವಣಿಗೆಯಿಂದ ತಾರೀಕಿಲ್ಲದ ಕಲ್ಲಿಗೆ ಕಾಲ ಕಟ್ಟುವ ಕ್ರಮವೇ ಇದು. ಒಂದು ಮನೆಯ ಆಲ್ಬಮ್ಮಿನಿಂದ ಇದು ಸಾಧ್ಯವಿಲ್ಲ, ಹತ್ತು ಮನೆಗಳದ್ದು ಸೇರಿದರೆ ಸಾಧ್ಯ. ವಂಶಚರಿತ್ರೆ ಒಂದು ವಂಶದವರ ಖಾಸಗಿ ಕೆಲಸವಾಗಿ ಉಳಿಯಲಾರದು ಎಂಬುದಕ್ಕೆ ಇದು ಮೊದಲ ಕಾರಣ.

ಹಾಗೆಂದು ಚಿತ್ರವನ್ನು ನಂಬುವುದಕ್ಕೂ ಮಿತಿಯಿದೆ. ಕುದುರೆಮುಖದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅಲ್ಲಿದ್ದವರ ಬದುಕಿನಲ್ಲಿ ಅತಿ ದೊಡ್ಡ ಸಂಗತಿ ಮಳೆ. ಆದರೆ ಆಲ್ಬಂ ತೆರೆದರೆ ಬಿಸಿಲು. ಮಳೆಯಲ್ಲಿ ಕ್ಯಾಮೆರಾ ಹೊರತೆಗೆಯುವವರಿಲ್ಲ, ಬೆಳಕೂ ಸಾಲದು. ಹುಟ್ಟುಹಬ್ಬ, ಶಾಲಾ ವಾರ್ಷಿಕೋತ್ಸವ, ಊರಿಂದ ನೆಂಟರು ಬಂದ ಬೇಸಗೆ, ಇವು ಚಿತ್ರವಾದವು. ಒಣಗದ ಬಟ್ಟೆ, ಗೋಡೆಯ ಬೂಷ್ಟು, ಪಾಳಿ ಮುಗಿಸಿ ನೆನೆದು ಬಂದ ಮೈ ಚಿತ್ರವಾಗಲಿಲ್ಲ. ಪ್ರಶಸ್ತಿಶಾಸನದಲ್ಲಿ ಗೆದ್ದ ಯುದ್ಧಗಳು ಮಾತ್ರ ಇರುವಂತೆ ಆಲ್ಬಮ್ಮಿನಲ್ಲಿ ನಕ್ಕ ದಿನಗಳು ಮಾತ್ರ ಇರುತ್ತವೆ. ಆದ್ದರಿಂದ ಚಿತ್ರ ತೋರಿಸುವುದನ್ನು ಬರೆದುಕೊಂಡ ಮೇಲೆ, ಅದೇ ಚಿತ್ರವನ್ನು ಮುಂದಿಟ್ಟುಕೊಂಡು ಅದು ತೋರಿಸದಿರುವುದನ್ನು ಹಿರಿಯರಲ್ಲಿ ಕೇಳಬೇಕು.

ಎರಡು ಚಿತ್ರ, ಎರಡು ಕುಟುಂಬ

ನಮ್ಮ ಸೀಮೆಯ ಕುಟುಂಬಗಳ ಮಟ್ಟಿಗೆ ಗಣಿಯೂರಿನ ಚಿತ್ರಗಳು ಎತ್ತುವ ಅತಿ ಮುಖ್ಯ ಪ್ರಶ್ನೆ ಬೇರೆಯೇ ಇದೆ. ‘ಕುಟುಂಬ’ ಎಂದರೆ ಯಾರು?

ಬಂಟ, ನಾಡವ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿಯೂ ತುಳುನಾಡಿನ ಜೈನರಲ್ಲಿಯೂ ಅಳಿಯಸಂತಾನ ಪದ್ಧತಿ ನಡೆದುಬಂದದ್ದು ಸಾಹಿತ್ಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅಲ್ಲಿ ಕುಟುಂಬವೆಂದರೆ ಒಬ್ಬಳು ಮೂಲಸ್ತ್ರೀಯಿಂದ ಹೆಣ್ಣಿನ ಮೂಲಕ ಇಳಿದುಬಂದವರು. ಬಳಿ ತಾಯಿಯಿಂದ ಬರುತ್ತದೆ. ಮನೆಯ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಗಂಡ ಹೆಂಡತಿಯ ಕುಟುಂಬದವನಲ್ಲ. ತಂದೆ ಮಕ್ಕಳ ಕುಟುಂಬದವನಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದೊಳಗಿನ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಕಟ್ಟನ್ನು ಮತ್ತಷ್ಟು ಸಡಿಲಿಸಿತು. ಆದರೂ ನಡೆನುಡಿಯಲ್ಲಿ, ದೈವಾರಾಧನೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಆ ಎಣಿಕೆ ಮುಂದುವರಿಯಿತು.

ಇಂತಹ ಮನೆತನದ ಒಬ್ಬಾತ 1970ರ ದಶಕದ ಕೊನೆಗೆ ಘಟ್ಟ ಹತ್ತಿ ಕೆಲಸಕ್ಕೆ ಸೇರಿದನೆಂದು ಭಾವಿಸೋಣ. ಕಂಪನಿಯ ಅರ್ಜಿಯಲ್ಲಿ ‘ಕುಟುಂಬದ ವಿವರ’ ಎಂಬ ಅಂಕಣವಿರುತ್ತದೆ. ಅಲ್ಲಿ ಹೆಂಡತಿ, ಮಕ್ಕಳು, ಅವಲಂಬಿತರಾದ ತಂದೆತಾಯಿಗಳಿಗೆ ಮಾತ್ರ ಜಾಗ. ಮೂಲಮನೆಯ ಲೆಕ್ಕದಲ್ಲಿ ಅವನ ಕುಟುಂಬದವರೇ ಅಲ್ಲದ ಹೆಂಡತಿ ಮಕ್ಕಳು ಈಗ ಅವನ ಕುಟುಂಬ. ಅವನ ಕುಟುಂಬವೇ ಆಗಿದ್ದ ಅಕ್ಕತಂಗಿಯರು, ಅವರ ಮಕ್ಕಳು ಆ ಕಾಗದಕ್ಕೆ ಯಾರೂ ಅಲ್ಲ. ಕ್ವಾರ್ಟರ್ಸು ಕೊಡುವುದು, ಆಸ್ಪತ್ರೆಯಲ್ಲಿ ನೋಡುವುದು, ಶಾಲೆಗೆ ಸೇರಿಸಿಕೊಳ್ಳುವುದು ಎಲ್ಲವೂ ಆ ಅಂಕಣದಂತೆ.

ಈಗ ಆ ಮನೆತನದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಒಂದು ಮೂಲಮನೆಯ ಅಂಗಳದ್ದು. ನಾಗನಿಗೋ ದೈವಕ್ಕೋ ಸೇವೆ ನಡೆದ ದಿನ ತೆಗೆದದ್ದು. ಮೂವತ್ತು ನಲವತ್ತು ಜನ. ನಡುವೆ ಕುರ್ಚಿಯಲ್ಲಿ ಹಿರಿಯಜ್ಜಿ, ಪಕ್ಕದಲ್ಲಿ ಅವಳ ತಮ್ಮ, ಸುತ್ತ ಅವಳ ಮಕ್ಕಳು, ಮಗಳ ಮಕ್ಕಳು. ಮನೆಯ ಅಳಿಯಂದಿರು ಅಂಚಿನಲ್ಲಿ. ಇನ್ನೊಂದು ಕ್ವಾರ್ಟರ್ಸಿನ ಮೆಟ್ಟಿಲಿನದು, ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಡುವೆ ಗಂಡ. ಮೊದಲ ಚಿತ್ರದಲ್ಲಿ ಅಂಚಿಗೆ ನಿಂತವನು ಎರಡನೆಯದರಲ್ಲಿ ಕೇಂದ್ರ. ಒಂದು ಘಟ್ಟದ ದಾರಿಯುದ್ದಕ್ಕೆ, ಒಂದು ತಲೆಮಾರಿನ ಒಳಗೆ, ಒಂದು ಸಮಾಜದ ಬಂಧುತ್ವದ ವ್ಯಾಕರಣ ಬದಲಾದದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಕಾನೂನಿನ ಇತಿಹಾಸ ಬರೆದವರು ಈ ಬದಲಾವಣೆಯನ್ನು ಕಾಯಿದೆಗಳಲ್ಲಿ ಹುಡುಕಿದ್ದಾರೆ. ಮನೆಯ ಚಿತ್ರಗಳಲ್ಲಿ ಹುಡುಕುವ ಕೆಲಸ ಬಾಕಿಯಿದೆ.

ಇಂದು ಬಳಕೆಯಲ್ಲಿರುವ ವಂಶವೃಕ್ಷದ ನಮೂನೆಗಳು ಕ್ವಾರ್ಟರ್ಸಿನ ಚಿತ್ರದ ಪರವಾಗಿವೆ. ಅವು ತಂದೆಯಿಂದ ಮಗನಿಗೆ ಗೆರೆ ಎಳೆಯುತ್ತವೆ. ಅಳಿಯಸಂತಾನದ ಮನೆಯ ಚಿತ್ರವನ್ನು ಆ ನಮೂನೆಗೆ ತುಂಬಿಸಹೊರಟರೆ ಸೋದರಮಾವ ದೂರದ ನೆಂಟನಾಗುತ್ತಾನೆ, ಮನೆಯ ಬೇರಾಗಿದ್ದ ಹೆಣ್ಣು ‘ಇಂಥವರ ಪತ್ನಿ’ಯಾಗಿ ಉಳಿಯುತ್ತಾಳೆ. ಗಣಿಯೂರಿನ ಚಿತ್ರಗಳ ಬೆನ್ನಿನ ಬರೆಹಗಳಲ್ಲಿಯೂ ‘ಶ್ರೀಮತಿ ಮತ್ತು ಶ್ರೀ’ ಎಂಬ ಒಕ್ಕಣೆಯೇ ಹೆಚ್ಚು. ಅವಳ ತಾಯಿಮನೆಯ ಹೆಸರು, ಬಳಿ, ಊರು ಅಲ್ಲಿ ಇರುವುದಿಲ್ಲ. ಆದ್ದರಿಂದ ಪ್ರತಿ ಚಿತ್ರದ ಪ್ರತಿ ಹೆಂಗಸಿನ ವಿಷಯದಲ್ಲಿ ಅವಳ ಸ್ವಂತ ಹೆಸರು, ತಾಯಿಯ ಹೆಸರು, ಬಳಿ, ಮೂಲಮನೆ ಇವು ನಾಲ್ಕನ್ನೂ ಕೇಳಿ ಬರೆದುಕೊಳ್ಳದೆ ಮುಂದಿನ ಚಿತ್ರಕ್ಕೆ ಹೋಗಬಾರದು. ಇದು ಸೌಜನ್ಯದ ಮಾತಲ್ಲ, ವಿಧಾನದ ಮಾತು. ಆ ನಾಲ್ಕು ಮಾಹಿತಿ ಇಲ್ಲದಿದ್ದರೆ ಮೂಲಮನೆಯ ಚಿತ್ರವನ್ನು ಓದುವ ಕೀಲಿಯೇ ಇಲ್ಲವಾಗುತ್ತದೆ.

ಹೆಸರುಳ್ಳವರು, ಹೆಸರಿಲ್ಲದವರು

ಕೋಲಾರದ ಚಿನ್ನದ ಗಣಿಯ ಕತೆ ಕುದುರೆಮುಖಕ್ಕಿಂತ ಹಳೆಯದು, ದೀರ್ಘವಾದದ್ದು. 1880ರಿಂದ ಜಾನ್ ಟೇಲರ್ ಸಂಸ್ಥೆಯ ಆಡಳಿತಕ್ಕೆ ಸಿಕ್ಕಿದ ಆ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. 1956ರಲ್ಲಿ ಅವು ಸರ್ಕಾರದ ವಶವಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಊರಿನ ಹಳೆಯ ಚಿತ್ರಗಳು ಇಂಗ್ಲೆಂಡಿನವರೆಗೂ ಹರಡಿವೆ. ಕಾರ್ನ್‌ವಾಲಿನಿಂದ ಬಂದ ಗಣಿತಜ್ಞರ ಮೊಮ್ಮಕ್ಕಳು ತಮ್ಮ ಅಜ್ಜನನ್ನು ಚಿತ್ರದಲ್ಲಿ ಹುಡುಕುವಾಗ ಹುದ್ದೆ, ಬಂಗಲೆ, ಕ್ಲಬ್ಬು, ಇಗರ್ಜಿಯ ದಾಖಲೆ ಎಲ್ಲವೂ ನೆರವಿಗೆ ಬರುತ್ತವೆ. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದು ಭೂಗರ್ಭದಲ್ಲಿ ದುಡಿದ, ಬಹುಪಾಲು ದಲಿತರಾದ ಕಾರ್ಮಿಕರ ಮೊಮ್ಮಕ್ಕಳು ಅದೇ ಹುಡುಕಾಟಕ್ಕೆ ಹೊರಟರೆ ಚಿತ್ರ ಸಿಗಬಹುದು, ಹೆಸರು ಸಿಗುವುದು ಕಷ್ಟ. ಯಂತ್ರದ ಗಾತ್ರ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ ಮನುಷ್ಯನಿಗೆ ಶೀರ್ಷಿಕೆಯಲ್ಲಿ ಹೆಸರು ಬರೆಯುವ ವಾಡಿಕೆ ಇರಲಿಲ್ಲ.

ಅಲ್ಲಿನ ಚರಿತ್ರೆಯಲ್ಲಿ ಯೋಚಿಸಬೇಕಾದ ಒಂದು ಪ್ರಸಂಗವಿದೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ ಅಲ್ಲಿನ ಗಣಿಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಮುಷ್ಕರ ಹೂಡಿದರು. ತಮ್ಮನ್ನು ಗುರುತಿಸುವ ದಾಖಲೆ ತಮ್ಮನ್ನು ಹಿಡಿದಿಡುವ ದಾಖಲೆಯೆಂದು ಅವರು ಅರಿತಿದ್ದರು. ಇಂದು ಅವರ ಮರಿಮಕ್ಕಳು ಹುಡುಕುವುದು ಅಂತಹ ದಾಖಲೆಯನ್ನೇ. ದಾಖಲೆಯೆಂಬುದು ಬರೆದವನ ಕೈಯಲ್ಲಿ ಒಂದು, ಹುಡುಕುವವನ ಕೈಯಲ್ಲಿ ಇನ್ನೊಂದು. ವಂಶಚರಿತ್ರೆಕಾರ ಈ ಎರಡನ್ನೂ ಮರೆಯಬಾರದು. ಅಜ್ಜನ ಗುರುತಿನ ಚೀಟಿ ಸಿಕ್ಕಿದಾಗ ಹಿಗ್ಗುವುದು ಸಹಜ. ಅದನ್ನು ಕೊರಳಿಗೆ ಹಾಕಿಕೊಂಡವನಿಗೆ ಅದು ಏನಾಗಿತ್ತೆಂದು ಕೇಳುವುದು ಚರಿತ್ರೆ.

ಕುದುರೆಮುಖದ ಮನೆಯ ಆಲ್ಬಮ್ಮುಗಳಲ್ಲಿಯೂ ಹೆಸರಿಲ್ಲದವರಿದ್ದಾರೆ. ಮಗುವನ್ನು ಎತ್ತಿಕೊಂಡು ಚಿತ್ರದ ತುದಿಯಲ್ಲಿ ನಿಂತ ಕೆಲಸದ ಹುಡುಗಿ, ಗುತ್ತಿಗೆ ಕೂಲಿಯವನು, ಜೇನೋ ಸೊಪ್ಪೋ ಮಾರಲು ಕಾಡಿನ ಕಡೆಯಿಂದ ಬಂದು ಕ್ಯಾಮೆರಾದ ಕಣ್ಣಿಗೆ ಬಿದ್ದವರು. ಪುಸ್ತಿಕೆ ಮಾಡುವಾಗ ಕತ್ತರಿ ಮೊದಲು ಬೀಳುವುದು ಇವರ ಮೇಲೆ. ‘ನಮ್ಮ ಮನೆಯವರಲ್ಲ’ ಎಂಬ ಕಾರಣ ಸಾಕಾಗುತ್ತದೆ.

2005ರ ಡಿಸೆಂಬರ್

ಈ ಕತ್ತರಿಗೆ ನಾನು ಆಕ್ಷೇಪಿಸುವುದು ಕೇವಲ ನ್ಯಾಯಬುದ್ಧಿಯಿಂದಲ್ಲ. ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಮುಂದಿನ ವರ್ಷ ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕುಗಳ ಕಾಯಿದೆ, ಕಾಡಿನಲ್ಲಿ ಸಾಗುವಳಿ ಮಾಡಿ ಬಾಳಿದವರ ಹಕ್ಕಿಗೆ ಗೊತ್ತುಮಾಡಿದ ಕಟ್ಟಕಡೆಯ ದಿನ 2005ರ ಡಿಸೆಂಬರ್ 13. ಎರಡಕ್ಕೂ ನಡುವೆ ಮೂರು ವಾರವೂ ಇಲ್ಲ. ಒಂದೇ ತಿಂಗಳಿನಲ್ಲಿ ಒಂದೇ ಬೆಟ್ಟದ ಮೇಲೆ ಒಂದು ವರ್ಗದವರ ಗಣಿ ನಿಂತಿತು. ಇನ್ನೊಂದು ವರ್ಗದವರು ತಾವು ಅಲ್ಲಿಯೇ ಇದ್ದೆವೆಂದು ಸಾಬೀತುಪಡಿಸಬೇಕಾದ ದಿನ ಗೊತ್ತಾಯಿತು.

ಆ ಕಾಯಿದೆಯಂತೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅದರ ನಿಯಮಾವಳಿ ಒಪ್ಪುವ ಸಾಕ್ಷ್ಯಗಳಲ್ಲಿ ಹಿಂದಿನ ದಾಖಲೆಯಲ್ಲಿ ಹೆಸರಿರುವ ಪೂರ್ವಿಕರವರೆಗೆ ಒಯ್ಯುವ ವಂಶಾವಳಿಯೂ ಹಿರಿಯರ ಹೇಳಿಕೆಯೂ ಸೇರಿವೆ. ಅಂದರೆ ವಂಶಚರಿತ್ರೆ ಕೆಲವರಿಗೆ ಸಮ್ಮಿಲನದ ಪುಸ್ತಿಕೆ, ಕೆಲವರಿಗೆ ಕಾಲ ಕೆಳಗಿನ ನೆಲ. ಕಾಡಂಚಿನ ಮನೆಯಲ್ಲಿ ಕ್ಯಾಮೆರಾ ಇರುವುದು ಅಪರೂಪವಾಗಿದ್ದ ಕಾಲದಲ್ಲಿ, ಆ ಮನೆಯವರ ಚಿತ್ರ ಉಳಿದಿದ್ದರೆ ಅದು ಗಣಿಯೂರಿನ ಯಾವುದೋ ಸಂಸಾರದ ಆಲ್ಬಮ್ಮಿನ ಅಂಚಿನಲ್ಲಿ ಉಳಿದಿರುವ ಸಾಧ್ಯತೆ ಇದೆ. ಅದರಿಂದ ಹಕ್ಕುಪತ್ರ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಒಬ್ಬ ಹಿರಿಯನ ಹೇಳಿಕೆಗೆ ಆಧಾರವಾಗಿ ನಿಲ್ಲಬಲ್ಲ ಕಾಗದವನ್ನು ಅಂದಗೆಡಿಸುತ್ತದೆಂದು ಕತ್ತರಿಸುವ ಅಧಿಕಾರ ನಮಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಹಳೆಯ ಚಿತ್ರಗಳ ಮೋಹ ಗಣಿ ಮುಚ್ಚಿದ್ದು ಸರಿಯೋ ತಪ್ಪೋ ಎಂಬ ತೀರ್ಮಾನಕ್ಕೆ ಹೊರಳಬಾರದು. ಆ ಊರಿನ ಬಾಲ್ಯ ಸುಂದರವಾಗಿತ್ತೆಂಬುದು ನಿಜವಿರಬಹುದು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಬೆಟ್ಟಸಾಲನ್ನು ಅಗೆಯುತ್ತಿದ್ದದ್ದೂ ನಿಜ. ಮೊದಲನೆಯದರಿಂದ ಎರಡನೆಯದು ಸುಳ್ಳಾಗುವುದಿಲ್ಲ. ಕ್ವಾರ್ಟರ್ಸಿನ ಹುಟ್ಟುಹಬ್ಬದ ಚಿತ್ರದ ಹಿನ್ನೆಲೆಯಲ್ಲಿ ತಗ್ಗುತ್ತಿರುವ ಗುಡ್ಡವೂ ಇದೆಯೆಂದು ಒಂದೇ ಕಾಗದದಲ್ಲಿ ಎರಡನ್ನೂ ಓದಬಲ್ಲವನೇ ಒಳ್ಳೆಯ ಓದುಗ.

ಕಾಲ ಕಡಿಮೆಯಿದೆ

ಕೋಲಾರದ ಹಳೆಯ ಚಿತ್ರಗಳು ಕಪ್ಪುಬಿಳುಪಿನವು. ಅವುಗಳ ಮೂಲದ್ರವ್ಯ ಬೆಳ್ಳಿ. ಸರಿಯಾಗಿ ತೊಳೆದು ಒಣಗಿಸಿದ್ದರೆ ನೂರು ವರ್ಷ ನಿಲ್ಲುತ್ತವೆ. ಕುದುರೆಮುಖದ ಕಾಲ ಬಣ್ಣದ ಚಿತ್ರಗಳದ್ದು. ಆ ಬಣ್ಣಗಳು ಸಾವಯವ ವರ್ಣಗಳು. ಕತ್ತಲ ಪೆಟ್ಟಿಗೆಯಲ್ಲಿಟ್ಟರೂ ಅವು ಬಾಡುತ್ತವೆ. ಹಸಿರುನೀಲಿ ಮೊದಲು ಸೋತು ಚಿತ್ರ ಕೆಂಪಗಾಗುವುದನ್ನು ಎಲ್ಲರೂ ನೋಡಿದ್ದೇವೆ. ಹೊಸದಾದ ಚಿತ್ರ ಹಳೆಯದಕ್ಕಿಂತ ಮೊದಲು ಅಳಿಯುತ್ತಿದೆ ಎಂಬುದು ವಿಚಿತ್ರವಾದರೂ ನಿಜ. ಇದರ ಮೇಲೆ ಕರಾವಳಿಯ ತೇವ, ಬೂಷ್ಟು, ಗೆದ್ದಲು, ಕನ್ನಡಿಗೆ ಅಂಟಿಕೊಂಡ ಮೇಲ್ಪದರ, 1980ರ ದಶಕದಲ್ಲಿ ಬಂದ ಅಂಟುಹಾಳೆಯ ಆಲ್ಬಂ. ಮೊದಲ ತಂಡದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ. ಚಿತ್ರವನ್ನು ನೋಡಿ ಹೆಸರು ಹೇಳಬಲ್ಲವರು ಮತ್ತು ಚಿತ್ರ ಎರಡೂ ಒಂದೇ ವೇಗದಲ್ಲಿ ಮರೆಯಾಗುತ್ತಿರುವ ಕಾಲವಿದು.

ಉಳಿಸುವ ಹೆಸರಿನಲ್ಲಿ ನಡೆಯುವ ಹಾನಿಯೂ ಇದೆ. ತೀರಿಕೊಂಡವರ ಮುಖವನ್ನು ಗುಂಪುಚಿತ್ರದಿಂದ ಕತ್ತರಿಸಿ, ದೊಡ್ಡದು ಮಾಡಿಸಿ, ಹಾರ ಹಾಕಿ ಗೋಡೆಗೆ ಏರಿಸುವುದು ನಮ್ಮ ಹಳೆಯ ರೂಢಿ. ಭಕ್ತಿಗೆ ಅದು ಸಲ್ಲುತ್ತದೆ. ಆದರೆ ಯಾರ ಪಕ್ಕದಲ್ಲಿ, ಯಾವ ಮನೆಯ ಮುಂದೆ, ಯಾವ ಬಟ್ಟೆಯಲ್ಲಿ ನಿಂತಿದ್ದರೆಂಬುದು ಕಳೆದುಹೋಗುತ್ತದೆ. ಈಗ ಅದಕ್ಕಿಂತ ಮುಂದೆ ಹೋಗಿ ಯಂತ್ರವೇ ಬಣ್ಣ ತುಂಬುವ, ಮಸುಕಾದ ಮುಖವನ್ನು ಚೊಕ್ಕಟಗೊಳಿಸುವ, ಕಣ್ಣು ಮಿಟುಕಿಸುವಂತೆ ಮಾಡುವ ತಂತ್ರಗಳು ಮೊಬೈಲಿನಲ್ಲೇ ಬಂದಿವೆ. ಯಂತ್ರ ತುಂಬಿದ ಸೀರೆಯ ಬಣ್ಣ ಅಜ್ಜಿಯ ಸೀರೆಯದಲ್ಲ. ಅದು ತಿದ್ದಿದ ಕಣ್ಣು ಅಜ್ಜಿಯದಲ್ಲ. ಶಾಸನದ ಅಳಿಸಿದ ಅಕ್ಷರವನ್ನು ಊಹಿಸಿ ತುಂಬುವಾಗ ನಾವು ಆವರಣ ಚಿಹ್ನೆ ಹಾಕುತ್ತೇವೆ. ಓದುಗನಿಗೆ ಯಾವುದು ಕಲ್ಲಿನದು, ಯಾವುದು ನಮ್ಮದು ಎಂದು ತಿಳಿಯಬೇಕು. ತಿದ್ದಿದ ಚಿತ್ರಕ್ಕೆ ಆವರಣ ಚಿಹ್ನೆ ಇಲ್ಲ. ಬೇಕಾದವರು ಮಾಡಿಕೊಳ್ಳಲಿ, ಆದರೆ ಮೂಲವನ್ನು ಮುಟ್ಟದೆ, ತಿದ್ದಿದ್ದೆಂದು ಬರೆದು ಮಾಡಿಕೊಳ್ಳಲಿ.

ಮನೆಯ ಚಿತ್ರಗಳು ಮನೆಯವರ ಸ್ವತ್ತು, ಅವನ್ನು ಸಂಶೋಧನೆಯ ಹೆಸರಿನಲ್ಲಿ ಬೀದಿಗೆ ತರುವುದು ಸರಿಯೇ ಎಂಬ ಆಕ್ಷೇಪಣೆ ಬರಬಹುದು. ಅದು ತೂಕವುಳ್ಳ ಆಕ್ಷೇಪಣೆ. ಸಂಗ್ರಹಿಸುವುದು ಬೇರೆ, ಪ್ರಕಟಿಸುವುದು ಬೇರೆ ಎಂಬುದು ನನ್ನ ಉತ್ತರ. ಮೂಡುಬಿದಿರೆಯ ಭಂಡಾರದಲ್ಲಿ ಧವಲಾದಿ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಹೊರಗಿನವರ ಕಣ್ಣಿಗೆ ಬೀಳದೆ ಉಳಿದವು. ಕಾಲ ಬಂದಾಗ ಪ್ರತಿಗಳಾದವು, ಅಚ್ಚಾದವು. ಕಾಯ್ದವರು ಇದ್ದುದರಿಂದ ಪ್ರಕಟಿಸುವ ಪ್ರಶ್ನೆ ಬಂತು. ಷರತ್ತುಗಳೊಡನೆ ಒಪ್ಪಿಸುವ, ಇಂತಿಷ್ಟು ವರ್ಷ ತೆರೆಯಬಾರದೆಂದು ಹೇಳುವ ಸ್ವಾತಂತ್ರ್ಯ ಮನೆಯವರಿಗೆ ಇರಲಿ.

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇನೆ. ಸ್ನಾತಕೋತ್ತರ ಪದವಿಯ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಯೊಬ್ಬ ಘಟ್ಟದ ಗಣಿಯಿಂದ ಮರಳಿದ ಹತ್ತು ಮನೆಗಳನ್ನು ಆರಿಸಿಕೊಳ್ಳಲಿ. ಪ್ರತಿ ಚಿತ್ರದ ಮುಖವನ್ನೂ ಬೆನ್ನನ್ನೂ ಹಗಲ ಬೆಳಕಿನಲ್ಲಿ, ಕತ್ತರಿಸದೆ, ಆಲ್ಬಮ್ಮಿನಲ್ಲಿದ್ದ ಅನುಕ್ರಮ ಕೆಡಿಸದೆ ಪ್ರತಿಮಾಡಲಿ. ಎಡದಿಂದ ಬಲಕ್ಕೆ ಪ್ರತಿಯೊಬ್ಬರ ಹೆಸರನ್ನೂ, ಹೆಂಗಸರ ತಾಯಿಮನೆಯನ್ನೂ, ಅಂಚಿನವರನ್ನೂ ಸೇರಿಸಿ ಬರೆಯಲಿ. ಹಿರಿಯರು ಚಿತ್ರ ನೋಡುತ್ತ ಆಡುವ ಮಾತನ್ನು ಕುಂದಗನ್ನಡದಲ್ಲಿಯೇ ಧ್ವನಿಮುದ್ರಿಸಿಕೊಳ್ಳಲಿ; ಗ್ರಂಥಸ್ಥ ಭಾಷೆಗೆ ತಿರುಗಿಸಿದರೆ ಬಂಧುತ್ವದ ಪದಗಳಲ್ಲಿ ಅರ್ಧ ಸತ್ತುಹೋಗುತ್ತವೆ. ಒಂದು ಪ್ರತಿ ಮನೆಯಲ್ಲಿರಲಿ, ಒಂದು ಪ್ರತಿ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂತಹ ಸಂಸ್ಥೆಯಲ್ಲಿರಲಿ. ಹತ್ತು ಮನೆಗಳ ಈ ಕೆಲಸಕ್ಕೆ ಒಂದು ಬೇಸಗೆ ರಜೆ ಸಾಕು. ಮಳೆಗಾಲಕ್ಕೆ ಮುಂಚೆ ತೊಡಗುವುದು ಒಳ್ಳೆಯದು.